ಗ್ರಹಣದ ಮಾಸ್ತರು

ನಮ್ಮ ಹೈಸ್ಕೂಲಿನ ವಿಜ್ಞಾನದ ಕಪಾಟಿಗೆ ಎರಡು ಕೀಲಿ. ಒಂದು ಕಬ್ಬಿಣದ್ದು, ಇನ್ನೊಂದು ಹೆಡ್‌ಮಾಸ್ತರರ ಬಾಯಲ್ಲಿದ್ದ ‘ಒಡದೀತು’ ಎಂಬ ಮಾತು. ಸಾಹೇಬರು ತಪಾಸಣೆಗೆ ಬಂದ ದಿನ ಪ್ರಿಸಂ, ದಂಡಕಾಂತ, ತಾಮ್ರದ ತಂತಿಯ ಸುರುಳಿ ಹೊರಬಂದು ಮೇಜಿನ ಮೇಲೆ ಕೂಡುತ್ತಿದ್ದವು. ಸಾಹೇಬರು ಚಹಾ ಕುಡಿದು ಹೊರಟರೆ ಅವೂ ಒಳಗೆ ಹೊರಟವು. ಸರ್ ವರ್ಗವಾಗಿ ಬಂದ ಮೇಲೆ ಕಬ್ಬಿಣದ ಕೀಲಿ ಅವರ ಕಿಸೆ ಸೇರಿತು, ಎರಡನೆಯದಕ್ಕೆ ಅವರು ಕಿವಿಗೊಡಲಿಲ್ಲ. ಒಡೆಯುವುದೆಲ್ಲ ಒಡೆಯಿತು. ಒಡೆದ ಪ್ರನಾಳಗಳ ಬದಲಿಗೆ ಹೊಸವು ಅವರ ಪಗಾರದಿಂದಲೇ ಬರುತ್ತಿದ್ದವು ಎಂದು ನಮಗೆ ಹೇಳಿದವನು ಶಾಲೆಯ ಜವಾನ.

ಗದಗಿನ ಹುಡುಗರು ನಾವು. ಮಾಸ್ತರರೆಂದರೆ ಹೇಳುವವರು, ನಾವು ಬರೆದುಕೊಳ್ಳುವವರು ಎಂದೇ ತಿಳಿದಿದ್ದೆವು. ಈ ಮನುಷ್ಯ ಹೇಳುತ್ತಲೇ ಇರಲಿಲ್ಲ. ಕನ್ನಡಿಯ ತುಂಡೊಂದನ್ನು ಕೈಗೆ ಕೊಟ್ಟು ಸುಮ್ಮನೆ ನಿಲ್ಲುವರು. “ಮೊದಲ ನೋಡ್ರಿ. ಹೆಸರು ಆಮ್ಯಾಲೆ ಇಡೂಣು” ಎಂಬುದು ಅವರ ಮಾತು. ಪರಾವರ್ತನ, ವಕ್ರೀಭವನ ಎಂಬ ದೊಡ್ಡ ದೊಡ್ಡ ಹೆಸರುಗಳು ವಾರಗಟ್ಟಲೆ ಹೊರಗೆ ಕಾಯ್ದು, ನಾವು ಕಂಡದ್ದನ್ನೆಲ್ಲ ನಮ್ಮ ಭಾಷೆಯಲ್ಲಿ ಒದರಿ ಮುಗಿಸಿದ ಮೇಲೆ ಒಳಗೆ ಬರುತ್ತಿದ್ದವು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂದಾಗ ಮಾತ್ರ ನೋಟ್ಸ್ ಬರೆಸುವರು. “ಬೋರ್ಡಿನವರಿಗೆ ನಿಮ್ಮ ಕಣ್ಣು ಬ್ಯಾಡ್ರೆಪಾ, ಕೈ ಬೇಕು” ಎಂದು ನಗುತ್ತ. ಆ ನಗೆಯಲ್ಲಿ ಸ್ವಲ್ಪ ಸಿಟ್ಟೂ ಇತ್ತೆಂದು ಈಗ ಅನಿಸುತ್ತದೆ.

1980ರ ಫೆಬ್ರುವರಿ 16. ಶಿವರಾತ್ರಿ ಆದ ಮೇಲಿನ ಅಮಾವಾಸ್ಯೆ, ಶನಿವಾರ ಬೇರೆ. ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರ–ಅಂಕೋಲೆ ಕಡೆಯಿಂದ ನೆಲಕ್ಕೆ ಹತ್ತಿ, ನಮ್ಮೂರ ಮೇಲೆ ಹಾಯ್ದು, ರಾಯಚೂರಿನತ್ತ ಹೋಗುವುದಿತ್ತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ವಿಜ್ಞಾನಿಗಳು ದೂರದರ್ಶಕ ಹೂಡಿ ಕೂತಿದ್ದರು. ಊರಿನವರಿಗೆ ಮಾತ್ರ ಹೆದರಿಕೆ. ಬಸುರಿಯರನ್ನು ಒಳಗಿಟ್ಟರು. ನಮ್ಮಜ್ಜಿ ಉಪ್ಪಿನಕಾಯಿ ಭರಣಿಗೂ ದರ್ಭೆ ಹಾಕಿದಳು.

ಹಿಂದಿನ ವಾರವೆಲ್ಲ ಸರ್ ಸೈಕಲ್ಲಿನ ಮೇಲೆ ಮನೆ ಮನೆಗೆ ಅಡ್ಡಾಡಿದರು. ಮೂಢನಂಬಿಕೆಯ ಮೇಲೆ ಭಾಷಣ ಮಾಡಲಿಕ್ಕಲ್ಲ, ಹುಡುಗರನ್ನು ಕಳಿಸಿರೆಂದು ಕೇಳಲಿಕ್ಕೆ. ಅಜ್ಜಿಯ ಮುಂದೆ ಕಟ್ಟೆಯ ಮೇಲೆ ಕೂತು 1868ರ ಗ್ರಹಣದ ಕಥೆ ಹೇಳಿದರು. ಹರ್ಷಲ್ ಎಂಬ ಇಂಗ್ಲಿಷ್ ಲೆಫ್ಟಿನೆಂಟ್ ನಮ್ಮ ಜಮಖಂಡಿಯಲ್ಲೇ ನಿಂತು ಸೂರ್ಯನ ಬೆಳಕು ಸೀಳಿ ನೋಡಿದ್ದ, ಅದೇ ದಿನ ಅತ್ತ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸನ್ ನೋಡಿದ್ದ, ಹೀಲಿಯಂ ಸಿಕ್ಕ ಜಾಡು ಆ ಗ್ರಹಣದಿಂದ ಹಿಡಿದು ಹೊರಟದ್ದು ಎಂದೆಲ್ಲ. ಅಜ್ಜಿ ತಾಳ್ಮೆಯಿಂದ ಕೇಳಿದಳು.

“ಅದೆಲ್ಲಾ ಖರೇ ಮಾಸ್ತರ. ಹುಡುಗನ ಕಣ್ಣಿಗೆ ಏನರ ಆದ್ರ?”

“ನನ್ನ ಮಗಾನೂ ಬರ್ತಾನ್ರೀ ಅಮ್ಮಾರ. ಅವಂಗ ಆಗೂದs ಇವಂಗೂ.”

“ಹಂಗಾರ ಒಯ್ರಿ. ಬಂದ ಮ್ಯಾಲೆ ಬಾಗಿಲಾಗ ನಿಂದ್ರಿಸಿ, ತಲಿಮ್ಯಾಲೆ ನೀರು ಸುರುವಿ ಒಳಗ ಕರ್ಕೋತೀನಿ.”

“ಸುರುವ್ರಿ. ಬಿಸಲಾಗ ನಿಂತ ಬಂದಿರ್ತಾನ, ತಂಪಾಗ್ತಾನ.”

ಜಗಳವಿಲ್ಲದೆ ಅಜ್ಜಿಯನ್ನು ಗೆದ್ದವರು ಇನ್ನೊಬ್ಬರನ್ನು ನಾನು ಕಾಣೆ.

ಅಂದು ಮಧ್ಯಾಹ್ನ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಬೆಟಗೇರಿಯ ಮಗ್ಗಗಳ ಸದ್ದೂ ನಿಂತಿತ್ತು. ಶಾಲೆಯ ಬಯಲಿನಲ್ಲಿ ನಾವೊಂದು ಹಿಡಿ ಹುಡುಗರು. ವೆಲ್ಡಿಂಗ್ ಅಂಗಡಿಯಿಂದ ಬೇಡಿ ತಂದ ಕಪ್ಪು ಗಾಜು ಕೈಯಿಂದ ಕೈಗೆ ಹೋಗುತ್ತಿತ್ತು. ಕನ್ನಡಿಗೆ ರಟ್ಟು ಅಂಟಿಸಿ, ರಟ್ಟಿಗೊಂದು ಸಣ್ಣ ತೂತು ಕೊರೆದು, ಸರ್ ಸೂರ್ಯನನ್ನೇ ಕತ್ತಲೆ ಕೋಣೆಯ ಗೋಡೆಯ ಮೇಲೆ ತಂದು ಬಿಟ್ಟಿದ್ದರು. ಅಂಚು ಸವೆಯುತ್ತ ಹೋದದ್ದನ್ನು ಅಲ್ಲಿ ಕಂಡೆವು. ಆಮೇಲೆ ಹುಣಸೆ ಗಿಡದ ಬುಡಕ್ಕೆ ಕರೆದರು. ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿದ್ದವು. ನೆಲದ ಮೇಲೆ, ನಮ್ಮ ಅಂಗಿಗಳ ಮೇಲೆ, ಸರ್ ಅವರ ಬಕ್ಕ ತಲೆಯ ಮೇಲೆ ಕೂಡ. ಯಾಕೆ ಹೀಗೆಂದು ಕೇಳಿದರೆ ಉತ್ತರವಿಲ್ಲ, ಬರೀ ಹುಬ್ಬು ಹಾರಿಸಿದರು. ಸೋಮವಾರದ ತನಕ ಆ ಪ್ರಶ್ನೆ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆವು. ಎಲೆಗಳ ಒಂದೊಂದು ಸಂದೂ ಒಂದೊಂದು ತೂತಿನ ಕ್ಯಾಮೆರಾ ಎಂದು ಕೊನೆಗೆ ಹೇಳಿದವನು ಹಿಂದಿನ ಬೆಂಚಿನವ. ಅವನು ಗಣಿತದಲ್ಲಿ ನಪಾಸಾಗುತ್ತಿದ್ದ.

ಮೂರೂವರೆ ದಾಟಿತು. ಗಾಳಿ ತಣ್ಣಗಾಯಿತು, ಕಾಗೆಗಳು ಗೂಡಿಗೆ ಹಾರಿದವು, ಬೆಳಕು ಬಣ್ಣಗೆಟ್ಟಿತು. “ಈಗ! ಗಾಜು ತೆಗೀರಿ, ನೋಡ್ರಿ!” ಸೂರ್ಯನಿದ್ದ ಜಾಗದಲ್ಲಿ ಕರೀ ಬಟ್ಟಲು, ಅದರ ಸುತ್ತ ನಾಲ್ಕೂ ದಿಕ್ಕಿಗೆ ಚಾಚಿದ ಬಿಳಿ ಪ್ರಭೆ, ಪಕ್ಕದಲ್ಲಿ ಹಾಡುಹಗಲೇ ಶುಕ್ರ. ಯಾರೋ ಅಳುತ್ತಿದ್ದರು. “ಸಾಕು! ತಲಿ ಕೆಳಗ!” ಎಂದು ಕೂಗು ಬಿದ್ದಾಗಲೇ ತಿರುಗಿ ನೋಡಿದ್ದು. ಸರ್ ಸೂರ್ಯನಿಗೆ ಬೆನ್ನು ಹಾಕಿ, ಎಚ್‌ಎಂಟಿ ಗಡಿಯಾರಕ್ಕೆ ಕಣ್ಣು ನೆಟ್ಟು ನಿಂತಿದ್ದರು. ಬೆಳಕು ಮರಳುವ ಗಳಿಗೆಗೆ ನಮ್ಮಲ್ಲೊಬ್ಬನ ಕಣ್ಣು ಮೇಲಿದ್ದರೂ ಅವರು ಅಜ್ಜಿಗೆ ಕೊಟ್ಟ ಮಾತು ಹೋಗುತ್ತಿತ್ತು.

“ಸರ್, ನೀವು ನೋಡ್ಲೇ ಇಲ್ಲಲ್ರೀ!”

“ನನಗ ಮತ್ತ ಬರ್ತದ ತೊಗೋ” ಎಂದು ಚುರಮರಿ ಪೊಟ್ಟಣ ಬಿಚ್ಚಿದರು. ಗ್ರಹಣ ಬಿಡುವ ಮೊದಲೇ ತಿಂದೆವು. ಇದನ್ನು ಅಜ್ಜಿಗೆ ನಾನು ಹೇಳಲಿಲ್ಲ.

ಅಂದಿನಿಂದ ಊರವರಿಗೆ ಅವರು ಗ್ರಹಣದ ಮಾಸ್ತರು. ಹೆಸರು ಹೇಳಿ ಮನೆ ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಗ್ರಹಣದ ಮಾಸ್ತರು ಎಂದರೆ ಪೋರರೂ ದಾರಿ ತೋರುವರು. ಆದರೆ ಅವರ ಗ್ರಹಣ ಬರಲಿಲ್ಲ. 1995ರ ದೀಪಾವಳಿಯ ಹೊತ್ತಿಗೆ ಉತ್ತರದಲ್ಲಿ ಖಗ್ರಾಸವಾದಾಗ ಮನೆಯಲ್ಲಿ ಮಗಳ ಬಾಣಂತನ. 2009ರ ಜುಲೈ 22ಕ್ಕೆ, ಪಿಂಚಣಿಯ ದುಡ್ಡಿನಲ್ಲಿ ರೈಲು ಹತ್ತಿ ಗುಜರಾತಿಗೇ ಹೋದರು. ಮಳೆಗಾಲ. ಬಂದ ಮೇಲೆ ಫೋನು ಮಾಡಿ ಕೇಳಿದೆ. “ಮಸ್ತ್ ಮಾಡಾ ನೋಡಿ ಬಂದೆ. ಕತ್ತಲಾತು, ಮತ್ತ ಬೆಳಕಾತು. ಚಹಾ ಛಲೋ ಇತ್ತು” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅವರು ಹೋದ ಸುದ್ದಿ ಮುಟ್ಟಿ ಊರಿಗೆ ಹೋದಾಗ ಮಣ್ಣು ಮುಗಿದಿತ್ತು. ಹಳೆಯ ಹುಡುಗರು ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲರ ತಲೆಯೂ ನರೆತಿತ್ತು, ಕೆಲವರದು ಸರ್ ತಲೆಯಂತೆ ಬಕ್ಕವಾಗಿತ್ತು. ದುಃಖದ ಮಾತು ಬೇಗ ತೀರಿತು, ಮಾತು ಗ್ರಹಣಕ್ಕೆ ತಿರುಗಿತು. ಕತ್ತಲೆ ಎಷ್ಟು ಹೊತ್ತಿತ್ತು? ಎರಡು ನಿಮಿಷ ಎಂದ ಒಬ್ಬ. ಏನಿಲ್ಲೆಂದರೂ ಐದು ಎಂದ ಇನ್ನೊಬ್ಬ. ಹಿಂದಿನ ಬೆಂಚಿನವ, ಈಗ ಹತ್ತಿ ದಲಾಲಿ, ಕಾಲು ತಾಸು ಎಂದು ಆಣೆಯಿಟ್ಟ. ಮೂರಕ್ಕೂ ಕಡಿಮೆ ಎಂದ ನನ್ನನ್ನು ಯಾರೂ ನಂಬಲಿಲ್ಲ. ಗಡಿಯಾರ ನೋಡಿದವರು ಒಬ್ಬರೇ ಇದ್ದರು.