ಕಂಬವಿಲ್ಲದ ಶಾಲೆ

ಹೋದ ವರ್ಷ ಎರಡನೇ ತರಗತಿಗೆ 'ಕಂಬ' ಎಂಬ ಪದ ಕಲಿಸುತ್ತಿದ್ದೆವು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಚಿತ್ರ ತೋರಿಸಿ, "ಈಗ ನಮ್ಮ ಶಾಲೆಯಲ್ಲಿ ಕಂಬ ಎಲ್ಲಿದೆ, ಹುಡುಕಿಕೊಂಡು ಬನ್ನಿ ನೋಡೋಣ" ಎಂದೆವು. ಮಕ್ಕಳು ಓಡಿದರು. ತಮಿಳು ತರಗತಿಯನ್ನೂ ಹಿಂದಿ ತರಗತಿಯನ್ನೂ ಸುತ್ತಿ ಬಂದು, "ಟೀಚರ್, ಕಂಬ ಇಲ್ಲ!" ಎಂದರು.

ನಿಜವೇ. ಐದು ವರ್ಷದಿಂದ ಪ್ರತಿ ಭಾನುವಾರ ಇದೇ ಸೂರಿನಡಿ ಪಾಠ ಮಾಡಿದ್ದರೂ ನಾವು ಗಮನಿಸಿರಲಿಲ್ಲ. ತಲೆಯೆತ್ತರದ ಹಲಗೆಯ ಅಡ್ಡಗೋಡೆಗಳು, ಅವುಗಳ ಮೇಲೆ ಅರ್ಧ ಬಳೆಯಂತೆ ಬಾಗಿದ ದೊಡ್ಡ ಚಾವಣಿ. ಈ ಕೊನೆಯಿಂದ ಆ ಕೊನೆಗೆ ಒಂದೂ ಕಂಬವಿಲ್ಲ. ಕಟ್ಟಡ ನೋಡಿಕೊಳ್ಳುವ ಹಿರಿಯರನ್ನು ಕೇಳಿದಾಗ ಅವರು ನಕ್ಕು, "ಇದು ಶಾಲೆಯಲ್ಲ, 1960ರ ದಶಕದ ಸೂಪರ್ ಮಾರ್ಕೆಟ್" ಎಂದರು. ಆಮೇಲೆ ಸ್ವಲ್ಪ ಕಾಲ ಪೀಠೋಪಕರಣದ ಅಂಗಡಿಯಾಗಿತ್ತಂತೆ. ಅಂದಿನಿಂದ ನಮಗೆ ಹಳೆಯ ಸೂಪರ್ ಮಾರ್ಕೆಟ್‌ಗಳ ಹುಚ್ಚು ಹಿಡಿಯಿತು. ಮನೆಯವರು ಇನ್ನೂ ತಮಾಷೆ ಮಾಡುತ್ತಾರೆ.

ನೂರು ವರ್ಷಕ್ಕೂ ಹಿಂದೆ ಅಮೆರಿಕದ ದಿನಸಿ ಅಂಗಡಿಯೂ ನಮ್ಮೂರಿನ ಶೆಟ್ಟರ ಅಂಗಡಿಯಂತೆಯೇ ಇತ್ತು. ಗಿರಾಕಿ ಈಚೆ, ಸಾಮಾನು ಆಚೆ, ನಡುವೆ ಗಲ್ಲಾ. ಬೇಕಾದ್ದನ್ನು ಹೆಸರು ಹೇಳಿ ಕೇಳಬೇಕು; ಅಂಗಡಿಯವನು ತೂಗಿ, ಪೊಟ್ಟಣ ಕಟ್ಟಿ ಕೊಡಬೇಕು. 1916ರಲ್ಲಿ ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ 'ಪಿಗ್ಲಿ ವಿಗ್ಲಿ' ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದು ಈ ಪದ್ಧತಿಯನ್ನು ಮುರಿದ. ಗಿರಾಕಿಯೇ ಬುಟ್ಟಿ ಹಿಡಿದು ಒಳಗೆ ಹೋಗಿ, ಎಲ್ಲ ಕಪಾಟುಗಳ ಮುಂದೆ ಹಾದು, ಬೇಕಾದ್ದನ್ನು ತೆಗೆದುಕೊಂಡು, ಕೊನೆಯಲ್ಲಿ ದುಡ್ಡು ಕೊಡುವುದು. ಮರುವರ್ಷ ಈ ಏರ್ಪಾಟಿಗೆ ಪೇಟೆಂಟನ್ನೂ ಪಡೆದ. ಅಲ್ಲಿಂದ ಮುಂದೆ ಬೇಳೆಯ ಹೆಸರನ್ನು ಬಾಯಲ್ಲಿ ಹೇಳುವ ಅಗತ್ಯವಿರಲಿಲ್ಲ. ಡಬ್ಬಿಯ ಮೇಲಿನ ಚೀಟಿಯೇ ಮಾತಾಡುತ್ತಿತ್ತು.

ಭಾಷೆ ಕಲಿಸುವವರಾದ ನಮಗೆ ಇದು ಒಂದು ಕಡೆ ನಷ್ಟದಂತೆ ಕಂಡಿತು. ಆದರೆ ಇನ್ನೊಂದು ಕಡೆಯೂ ಇದೆಯೆಂದು ನಮ್ಮ ಅತ್ತೆಯಿಂದ ಗೊತ್ತಾಯಿತು. ಅರಸೀಕೆರೆಯಿಂದ ಬಂದ ಹೊಸತರಲ್ಲಿ ಒಂದು ದಿನ, ನಾವು ಕೆಲಸಕ್ಕೆ ಹೋಗಿದ್ದಾಗ, ಅವರೊಬ್ಬರೇ ನಡೆದುಕೊಂಡು ಹೋಗಿ ಹಾಲು, ಉಪ್ಪು, ಆಲೂಗಡ್ಡೆ ತಂದಿದ್ದರು. ಇಂಗ್ಲಿಷಿನ ಒಂದಕ್ಷರ ಬರದವರು. ಸಂಜೆ ಹೆಮ್ಮೆಯಿಂದ ಹೇಳಿದರು: "ಒಬ್ಬರನ್ನೂ ಮಾತಾಡಿಸದೆ ಎಲ್ಲಾ ತಂದೆ ಕಣಮ್ಮ!" ಮೂರು ತಿಂಗಳಾದ ಮೇಲೆ ಅದೇ ಅತ್ತೆ ಅದೇ ಚೀಲ ಕೆಳಗಿಟ್ಟು, "ಒಬ್ಬರೂ ಮಾತಾಡಿಸಲಿಲ್ಲ ಕಣಮ್ಮ" ಎಂದರು. ಆ ದಿನ ಅವರ ದನಿಯೇ ಬೇರೆಯಾಗಿತ್ತು.

ಇರಲಿ, ಕಟ್ಟಡಕ್ಕೆ ಬರೋಣ. ಮೊದಮೊದಲ ಸೂಪರ್ ಮಾರ್ಕೆಟ್‌ಗಳಲ್ಲಿ ನೋಡಲು ಏನೂ ಇರಲಿಲ್ಲ. 1930ರಲ್ಲಿ, ದೇಶ ಆರ್ಥಿಕ ಕುಸಿತದಲ್ಲಿದ್ದಾಗ, ಮೈಕೆಲ್ ಕಲೆನ್ ಎಂಬಾತ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ 'ಕಿಂಗ್ ಕಲೆನ್' ತೆರೆದದ್ದು ಒಂದು ಹಳೆಯ ಗ್ಯಾರೇಜಿನಲ್ಲಿ! ಸಾಮಾನು ರಾಶಿ ಹಾಕು, ಅಗ್ಗಕ್ಕೆ ಮಾರು. ಅಷ್ಟೇ ಅವನ ಸಿದ್ಧಾಂತ. ಕೈಬುಟ್ಟಿ ತುಂಬಿದರೆ ಕೊಳ್ಳುವುದೂ ನಿಲ್ಲುತ್ತದಲ್ಲ? ಅದಕ್ಕೆ 1937ರಲ್ಲಿ ಒಕ್ಲಹೋಮ ಸಿಟಿಯ ಅಂಗಡಿಕಾರ ಸಿಲ್ವನ್ ಗೋಲ್ಡ್‌ಮನ್, ಮಡಚುವ ಕುರ್ಚಿಯನ್ನು ನೋಡಿ ಹೊಳೆದ ಉಪಾಯದಿಂದ ಗಾಲಿಯ ತಳ್ಳುಬುಟ್ಟಿ ಮಾಡಿಸಿದ. ಜನ ಮುಟ್ಟಲಿಲ್ಲ. ಗಂಡಸರಿಗೆ ಅವಮಾನ, ಹೆಂಗಸರಿಗೆ ಮಗುವಿನ ಗಾಡಿ ತಳ್ಳಿದ್ದೇ ಸಾಕಾಗಿತ್ತು. ಕೊನೆಗೆ ಸಂಬಳ ಕೊಟ್ಟು ಜನರನ್ನಿಟ್ಟು ಅಂಗಡಿಯೊಳಗೆ ಸುಮ್ಮನೆ ಬುಟ್ಟಿ ತಳ್ಳಿಸಿದನಂತೆ. ಅವರನ್ನು ನೋಡಿ ಉಳಿದವರೂ ಹಿಡಿದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜನ ಊರಾಚೆಯ ಹೊಸ ಬಡಾವಣೆಗಳಿಗೆ ಹೋದರು. ಮನೆಗೊಂದು ಕಾರು, ಅಡುಗೆಮನೆಗೊಂದು ಫ್ರಿಜ್ಜು ಬಂತು. ವಾರಕ್ಕೊಮ್ಮೆ ಸಾಮಾನು ತರುವುದು ಆಗಲೇ ಸಾಧ್ಯವಾದದ್ದು. ಅಂಗಡಿಯವರಿಗೆ ಈಗ ಹೊಸ ಸವಾಲು: ಕಾರಿನಲ್ಲಿ ಹಾದುಹೋಗುವವರ ಕಣ್ಣಿಗೆ ಕ್ಷಣದಲ್ಲಿ ಬೀಳಬೇಕು. ಕೆಲವರು ದೊಡ್ಡ ಕಂಬಕ್ಕೆ ಫಲಕ ಹಾಕಿದರು. ಇನ್ನು ಕೆಲವರು ಕಟ್ಟಡವನ್ನೇ ಫಲಕ ಮಾಡಿಬಿಟ್ಟರು. ಸ್ಯಾನ್ ಫ್ರಾನ್ಸಿಸ್ಕೋದ ಮರೀನಾದಲ್ಲಿ 1959ರಲ್ಲಿ ತೆರೆದ ಸೇಫ್‌ವೇ ಅಂಗಡಿ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ರೂಪಿಸಿದ್ದು ವರ್ಸ್ಟರ್, ಬರ್ನಾರ್ಡಿ ಮತ್ತು ಎಮನ್ಸ್ ಸಂಸ್ಥೆ. ಅದೇ ವರ್ಷ ಬರ್ಕ್ಲಿಯಲ್ಲಿ ಪರಿಸರ ವಿನ್ಯಾಸ ಕಾಲೇಜನ್ನು ಕಟ್ಟಿದ ವಿಲಿಯಂ ವರ್ಸ್ಟರ್ ಅವರ ಸಂಸ್ಥೆಯೇ ಇದು. ದಿನಸಿ ಅಂಗಡಿಯೆಂದು ಅಂಥ ದೊಡ್ಡವರು ಮೂಗು ಮುರಿಯಲಿಲ್ಲ ಎಂಬುದು ನಮಗೆ ಇಷ್ಟವಾಯಿತು. ಬಾಗಿದ ಚಾವಣಿ, ಅದರ ಕೆಳಗೆ ಮುಂಭಾಗವೆಲ್ಲ ಗಾಜು. ರಾತ್ರಿ ಒಳಗೆ ದೀಪ ಹತ್ತಿದರೆ ಅಂಗಡಿಯೇ ಲಾಂದ್ರ. ಈ 'ಮರೀನಾ ಶೈಲಿ' ಬಳಿಕ ಬೇರೆ ಬೇರೆ ಊರುಗಳಿಗೂ ಹರಡಿತು. ನಮ್ಮ ಕಟ್ಟಡವೂ ಅದನ್ನೇ ನೋಡಿ ಕಲಿತದ್ದು.

ಕಂಬದ ಗುಟ್ಟು ಹಲಗೆಗಳಲ್ಲಿದೆ. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಅಂಟು ಒಣಗುವ ಮೊದಲೇ ಬಾಗಿಸಿ, ಒಂದೇ ತೊಲೆಯಂತೆ ಮಾಡುತ್ತಾರೆ. ಅಂಥ ಕಮಾನು ಭಾರವನ್ನೆಲ್ಲ ಎರಡು ಬದಿಗೆ ಸಾಗಿಸುವುದರಿಂದ ನಡುವೆ ಆಸರೆ ಬೇಡ. ಕಂಬವಿಲ್ಲದಿದ್ದರೆ ಕಪಾಟುಗಳನ್ನು ಬೇಕಾದ ಹಾಗೆ ಸರಿಸಬಹುದು. ಬಾಗಿಲಲ್ಲಿ ನಿಂತವರಿಗೆ ಇಡೀ ಅಂಗಡಿ ಕಾಣುತ್ತದೆ. ಪಕ್ಕದ ಗೋಡೆಗಳಲ್ಲಿ ಕಿಟಕಿಯಿಲ್ಲ, ಏಕೆಂದರೆ ಗೋಡೆಯಿರುವುದು ಕಪಾಟಿಗಾಗಿ. ಹಿಂದಿನ ತರಗತಿಯ ಮಕ್ಕಳು ಮಳೆ ಬಂದದ್ದು ಮನೆಗೆ ಹೊರಟಾಗಲೇ ಗೊತ್ತಾಗುತ್ತದೆ ಎಂದು ಗೊಣಗುವುದಕ್ಕೆ ಕಾರಣ ಇದೇ. ಮೂರನೇ ತರಗತಿಯ ಮೂಲೆಯಲ್ಲಿ ನೆಲಕ್ಕೆ ಒಂದು ನೀರಿಳಿಯುವ ಜಾಲರಿ ಇದೆ. ಅದು ಮಾಂಸದ ವಿಭಾಗವಾಗಿತ್ತು. ಅಲ್ಲೇ ಕುಳಿತು ಶ್ಲೋಕ ಹೇಳಿಕೊಡುವ ಅಜ್ಜಿಗೆ ಈ ವಿಷಯ ನಾವಿನ್ನೂ ಹೇಳಿಲ್ಲ. ದಯವಿಟ್ಟು ನೀವೂ ಹೇಳಬೇಡಿ.

ಆ ಕಾಲದಲ್ಲಿ ಅಮೆರಿಕಕ್ಕೆ ಈ ಅಂಗಡಿಗಳೆಂದರೆ ಬಹಳ ಅಭಿಮಾನ. 1957ರಲ್ಲಿ ಯುಗೊಸ್ಲಾವಿಯದ ಝಾಗ್ರೆಬ್ ವಸ್ತುಪ್ರದರ್ಶನದಲ್ಲಿ ಒಂದು ಇಡೀ ಸೂಪರ್ ಮಾರ್ಕೆಟ್ಟನ್ನೇ ಕಟ್ಟಿ ತೋರಿಸಿದರು. ಅದೇ ವರ್ಷ ಬ್ರಿಟನ್ನಿನ ರಾಣಿ ಎಲಿಜಬೆತ್ ಮೇರಿಲ್ಯಾಂಡಿನ ಒಂದು ಅಂಗಡಿಗೆ ಹೋಗಿ ನೋಡಿದರು. ಆದರೆ ಈ ವೈಭವ ಎಲ್ಲರ ಪಾಲಿಗೂ ಇರಲಿಲ್ಲ. ಎಷ್ಟೋ ಹೊಸ ಬಡಾವಣೆಗಳಲ್ಲಿ ಕಪ್ಪು ಜನರಿಗೆ ಮನೆ ಮಾರುತ್ತಿರಲಿಲ್ಲ. ದೊಡ್ಡ ಅಂಗಡಿಗಳು ಬಿಳಿಯರ ಹಿಂದೆ ಬಡಾವಣೆಗೆ ಹೋದಂತೆ ಊರೊಳಗಿನವು ಮುಚ್ಚಿದವು. ಮನೆ ಮಾರಾಟದಲ್ಲಿ ಅಂಥ ತಾರತಮ್ಯವನ್ನು ನಿಷೇಧಿಸಿದ ಕಾನೂನು ಬಂದದ್ದು 1968ರಲ್ಲಿ. ಇದಕ್ಕೆ ಸ್ವಲ್ಪ ಮುಂಚೆ, 1965ರ ವಲಸೆ ಕಾನೂನಿನಿಂದಾಗಿ ನಮ್ಮವರು ಬರತೊಡಗಿದ್ದರು. ಅಷ್ಟು ಉದ್ದದ ಕಪಾಟುಗಳಲ್ಲಿ ಅವರಿಗೆ ತೊಗರಿಬೇಳೆ ಮಾತ್ರ ಸಿಗಲಿಲ್ಲ. 1974ರಲ್ಲಿ ಶಿಕಾಗೋದ ಡಿವಾನ್ ಅವೆನ್ಯೂದಲ್ಲಿ ಪಟೇಲ್ ಬ್ರದರ್ಸ್ ಅಂಗಡಿ ತೆರೆದದ್ದು ಈ ಕೊರತೆಯಿಂದಲೇ.

ನಮ್ಮಂಥ ಕಟ್ಟಡಗಳ ಕಾಲ ಬಹಳ ದಿನ ನಡೆಯಲಿಲ್ಲ. ಅಂಗಡಿಗಳು ಬೆಳೆದವು, ಇವು ಸಣ್ಣವಾದವು. ಔಷಧಿ ಅಂಗಡಿ, ವ್ಯಾಯಾಮಶಾಲೆ, ಚರ್ಚು, ಹೀಗೆ ಯಾರು ಯಾರೋ ಬಂದು ಸೇರಿಕೊಂಡರು. ನಾವೂ ಹಾಗೆ ಸೇರಿಕೊಂಡವರು. ಈಗ ಮಾಲೀಕರು ಕಟ್ಟಡ ಮಾರಿದ್ದಾರೆ. ಜೂನ್ ತಿಂಗಳಿಗೆ ನಮ್ಮ ಬಾಡಿಗೆ ಕರಾರು ಮುಗಿಯುತ್ತದೆ. ಆಮೇಲೆ ಕೆಡವಿ ವಸತಿ ಕಟ್ಟುತ್ತಾರಂತೆ. ಈ ಊರಿನಲ್ಲಿ ಮನೆ ಸಿಗುವುದು ಎಷ್ಟು ಕಷ್ಟವೆಂದು ನಮಗೂ ಗೊತ್ತು, ಬೇಡವೆನ್ನಲು ಬಾಯಿ ಬರಲಿಲ್ಲ. ಕಮಾನುಗಳನ್ನಾದರೂ ಬೇರೆಡೆ ಬಳಸಲಾದೀತೇ ಎಂದು ಪತ್ರ ಬರೆದೆವು. ಉತ್ತರ ಬಂದಿಲ್ಲ. ಹೊಸ ಜಾಗ ಗೊತ್ತಾಗುವವರೆಗೆ ಎಷ್ಟು ಮಕ್ಕಳು ಉಳಿಯುತ್ತಾರೋ ಎಂಬ ಚಿಂತೆ ಬೇರೆ. ಕಳೆದ ಸಲ ಜಾಗ ಬದಲಿಸಿದಾಗ ಏಳು ಮಕ್ಕಳು ಬಿಟ್ಟುಹೋಗಿದ್ದರು, ಮತ್ತೆ ಬರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಅಡ್ಡಗೋಡೆಗಳನ್ನು ಸರಿಸಿ, ಎರಡು ಬೆಂಚು ಜೋಡಿಸಿ, ಶೆಟ್ಟರ ಅಂಗಡಿ ಆಟ ಆಡಿಸಿದೆವು. ಗಲ್ಲಾದ ಮೇಲೆ ನಮ್ಮ ಅತ್ತೆ. ಬೇಳೆ, ಬೆಲ್ಲ, ಮೆಂತ್ಯ, ಸಾಸಿವೆ ಎಲ್ಲ ಮನೆಯಿಂದಲೇ. ಬೆರಳು ತೋರಿಸಿದರೆ ಸಾಮಾನಿಲ್ಲ, ಹೆಸರು ಹೇಳಬೇಕು ಎಂಬುದು ಅವರೇ ಮಾಡಿದ ಕಾನೂನು. ಕಂಬ ಹುಡುಕಿದ್ದ ಹುಡುಗರಲ್ಲೊಬ್ಬ ಮುಂದೆ ಬಂದು, "ಅಜ್ಜಿ, ಬೇಳೆ ಕೊಡಿ" ಎಂದ.

"ಯಾವ ಬೇಳೆ?"

ಅವನು ಚಾವಣಿ ನೋಡಿದ, ನಮ್ಮನ್ನು ನೋಡಿದ. ನಾವು ಬಾಯಿ ಬಿಡಲಿಲ್ಲ. ಹಿಂದೆ ಸಾಲಿನಲ್ಲಿದ್ದ ಯಾರೋ ಪಿಸುಗುಟ್ಟಿದರು. "ಕಡಲೆ... ಅಲ್ಲ, ತೊಗರಿಬೇಳೆ. ಅರ್ಧ ಕೆಜಿ."

ಅತ್ತೆ ತೂಗಿ, ಪೊಟ್ಟಣ ಕಟ್ಟಿ, ಕೈಗೆ ಕೊಡುವ ಮೊದಲು ಕೇಳಿದರು: "ಅಮ್ಮ ಚೆನ್ನಾಗಿದಾಳೇನಪ್ಪ? ಚೀಲ ತಂದಿದೀಯಾ?"