ಬೇಡವಾದ ಪುಸ್ತಕ, ಬೇಕಾದ ಓದುಗ

ಮನೆಯೆಂದ ಮೇಲೆ ಹಳೆಯ ವಸ್ತುಗಳು ಕೂಡುವುದು ಸಹಜ. ಮುರಿದ ಕೊಡೆಯನ್ನೂ ತೂತುಬಿದ್ದ ಕೊಡವನ್ನೂ ಹೊರಗೆ ಹಾಕುವಾಗ ಯಾರ ಮನಸ್ಸೂ ಅಳುಕುವುದಿಲ್ಲ. ಪುಸ್ತಕದ ಸಂಗತಿ ಹಾಗಲ್ಲ. ಕೊಡ ತೂತಾದರೆ ಎಲ್ಲರ ಪಾಲಿಗೂ ತೂತೇ. ಪುಸ್ತಕವಾದರೋ ಒಬ್ಬನಿಗೆ ಬೇಡವಾದ ದಿನವೂ ಮತ್ತೊಬ್ಬನಿಗೆ ಹೊಸದಾಗಿಯೇ ಇರುತ್ತದೆ. ಎಷ್ಟು ಜನ ಓದಿದರೂ ಅದರೊಳಗಿನ ಒಂದಕ್ಷರವೂ ಸವೆಯುವುದಿಲ್ಲ. ಆದುದರಿಂದ ‘ಬೇಡವಾದ ಪುಸ್ತಕ’ ಎಂಬುದು ಅರ್ಧ ಮಾತು. ಯಾರಿಗೆ ಬೇಡವಾದುದು ಎಂದು ಕೇಳಿದಾಗಲೇ ಅದು ಪೂರ್ತಿಯಾಗುತ್ತದೆ. ನಮ್ಮ ಈ ನಗರದ ಕನ್ನಡಿಗರು ಆ ಪ್ರಶ್ನೆಯನ್ನು ಈಗ ತಡಮಾಡದೆ ಕೇಳಿಕೊಳ್ಳಬೇಕಾಗಿದೆ ಎಂದು ನನಗೆ ತೋರುತ್ತದೆ.

ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಎತ್ತರದ ಹೊಸ ಕಟ್ಟಡಗಳನ್ನು ಎಬ್ಬಿಸುತ್ತಿರುವುದನ್ನು ನೀವೆಲ್ಲರೂ ನೋಡುತ್ತಿದ್ದೀರಿ. ಹೊಸ ಮನೆ ಸಿದ್ಧವಾಗುವ ತನಕ ಸಂಸಾರಗಳು ಚಿಕ್ಕ ಬಾಡಿಗೆಯ ಕೋಣೆಗಳಿಗೆ ಹೋಗಬೇಕಾಗುತ್ತದೆ. ಆಗ ಮೊದಲು ಭಾರವೆನಿಸುವುದು ಪುಸ್ತಕದ ಕಪಾಟು. ಕರಾವಳಿಯಿಂದಲೂ ಧಾರವಾಡ, ವಿಜಯಪುರಗಳ ಕಡೆಯಿಂದಲೂ ಹೊಟ್ಟೆಪಾಡಿಗೆಂದು ಬಂದ ಹಿರಿಯರು, ಊರಿಗೆ ಹೋಗಿಬರುವಾಗಲೆಲ್ಲ ಹಪ್ಪಳ ಸಂಡಿಗೆಗಳ ಜೊತೆಗೆ ಒಂದೆರಡು ಪುಸ್ತಕಗಳನ್ನೂ ಕಟ್ಟಿಕೊಂಡು ಬರುತ್ತಿದ್ದರು. ಹಾಗೆ ಕೂಡಿದ ಸಂಗ್ರಹಗಳು ಇವು. ಅವರ ಮೊಮ್ಮಕ್ಕಳಲ್ಲಿ ಬಹುಮಂದಿಗೆ ಕನ್ನಡವನ್ನು ಆಡಲು ಬರುತ್ತದೆ, ಓದಲು ಬಾರದು. ಅಜ್ಜನ ನಿಧಿ ಮೊಮ್ಮಗನಿಗೆ ಧೂಳಿನ ಮೂಟೆಯಾಗಿ ಕಂಡರೆ ಆಶ್ಚರ್ಯವೇನು?

ಕಳೆದ ವರ್ಷ ನಮ್ಮ ನೆರೆಯ ಕಟ್ಟಡಕ್ಕೂ ಈ ಸರದಿ ಬಂದಿತು. ಅಲ್ಲಿದ್ದ ವೃದ್ಧೆಯೊಬ್ಬರು ನನ್ನನ್ನು ಕರೆದು, “ಮಾಸ್ತರೇ, ಅವರು ಓದಿದ ಪುಸ್ತಕಗಳನ್ನು ಕಿಲೋ ಲೆಕ್ಕದಲ್ಲಿ ಕೊಡಲು ನನಗೆ ಮನಸ್ಸು ಬಾರದು. ಓದುವವರಿದ್ದರೆ ನೋಡಿ, ಪುಣ್ಯ ಬರುತ್ತದೆ” ಎಂದರು. ಸುಮಾರು ಇನ್ನೂರು ಪುಸ್ತಕಗಳು ನಾಲ್ಕು ಗೋಣಿಚೀಲಗಳಲ್ಲಿ ನಮ್ಮ ಪಡಸಾಲೆಗೆ ಬಂದು ಕುಳಿತವು.

ಇಂತಹ ಪುಸ್ತಕಗಳ ಗತಿ ಏನಾಗುತ್ತದೆಂದು ತಿಳಿಯುವ ಕುತೂಹಲದಿಂದ ನಾನು ರದ್ದಿಯ ಅಂಗಡಿಗೆ ಹೋದೆನು. ಅಂಗಡಿಯವನು ಮರಾಠಿ, ಇಂಗ್ಲಿಷ್ ಪುಸ್ತಕಗಳನ್ನು ಬೇರೆ ಇಟ್ಟಿದ್ದನು. ಹಳೆಯ ಪುಸ್ತಕ ಮಾರುವವರು ಬಂದು ಅವನ್ನು ಕೊಂಡೊಯ್ಯುತ್ತಾರಂತೆ. ಕನ್ನಡ ಪುಸ್ತಕ ಬಂದರೆ ಏನು ಮಾಡುವೆಯೆಂದು ಕೇಳಿದೆನು. “ಸಾಹೇಬರೇ, ನನಗೆ ಆ ಅಕ್ಷರ ಬಾರದು. ಕಥೆಯೋ ಪಂಚಾಂಗವೋ ತಿಳಿಯದ್ದನ್ನು ಏನೆಂದು ಹೇಳಿ ಮಾರಲಿ?” ಎಂದು ಅವನು ಮರಾಠಿಯಲ್ಲಿ ಹೇಳಿ, ವೃತ್ತಪತ್ರಿಕೆಗಳ ರಾಶಿಯ ಕಡೆಗೆ ಕೈತೋರಿಸಿದನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಕ್ಕಡಿಗೆ ಎಲ್ಲ ಭಾಷೆಯೂ ಒಂದೇ. ಅದರಿಂದ ಪುಸ್ತಕವನ್ನು ಬಿಡಿಸಬಲ್ಲವನು ಅದರ ಹೆಸರನ್ನು ಓದಬಲ್ಲವನು ಮಾತ್ರ.

ನಮ್ಮ ಸುತ್ತಲಿನ ಮರಾಠಿ ಬಂಧುಗಳು ಈ ಕೆಲಸದಲ್ಲಿ ಹಳಬರು. ಕಲ್ಯಾಣದ ಸಾರ್ವಜನಿಕ ವಾಚನಾಲಯವು ೧೮೬೪ರಲ್ಲಿ ಸ್ಥಾಪನೆಯಾಯಿತು. ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯವು ೧೮೯೩ರಲ್ಲಿ. ಡೊಂಬಿವಲಿಯಲ್ಲಿ ಪೈ ಫ್ರೆಂಡ್ಸ್ ಲೈಬ್ರರಿಯವರು ಪುಸ್ತಕ ವಿನಿಮಯದ ಮೇಳವನ್ನು ಹಲವು ಬಾರಿ ನಡೆಸಿದ್ದಾರೆ. ಓದಿಯಾದ ಪುಸ್ತಕವನ್ನು ಅಲ್ಲಿ ಕೊಟ್ಟು, ಬೇರೊಬ್ಬರು ತಂದುದನ್ನು ಪಡೆದುಕೊಳ್ಳಬಹುದು. ಮರಾಠಿ ಪುಸ್ತಕ ಮನೆ ಬಿಟ್ಟು ಹೊರಟರೆ ಅದಕ್ಕೆ ದಾರಿಯುಂಟು. ಕನ್ನಡ ಪುಸ್ತಕದ ದಾರಿಯನ್ನು ನಾವೇ ಮಾಡಿಕೊಳ್ಳಬೇಕು.

ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಆ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಅವುಗಳಲ್ಲಿ ಎರಡನೆಯದರ ಅಭಿಪ್ರಾಯ. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಮೂರನೆಯದರದು. ಈ ಮಾತು ನನಗೆ ದಾರಿ ತೋರಿಸಿತು. ಇನ್ನೂರು ಪುಸ್ತಕಗಳನ್ನು ಇಡಲು ಒಂದು ಜಾಗವನ್ನು ಹುಡುಕುವ ಬದಲು, ಒಂದೊಂದಕ್ಕೂ ಒಬ್ಬೊಬ್ಬ ಓದುಗನನ್ನು ಹುಡುಕಲು ತೊಡಗಿದೆನು.

ಮೊದಲು ವಿಂಗಡಿಸುವ ಕೆಲಸ. ಗೆದ್ದಲು ತಿಂದವು, ಪಾಠಕ್ರಮ ಬದಲಾದ ಹಳೆಯ ಗೈಡುಗಳು, ಕಾಲ ಮೀರಿದ ಪಂಚಾಂಗಗಳು, ಇವು ರದ್ದಿಗೇ ಹೋದವು. ಹರಕನ್ನು ದಾನವೆಂದು ಇನ್ನೊಬ್ಬರ ಮನೆಗೆ ಸಾಗಿಸುವುದು ನಮ್ಮ ಕಸವನ್ನು ಅವರ ಅಂಗಳಕ್ಕೆ ಗುಡಿಸಿದಂತೆ. ಉಳಿದವುಗಳ ಧೂಳನ್ನು ಒರಸಿ, ಬಿಸಿಲಿಗೆ ಹರವಿ, ಹೆಸರುಗಳ ಪಟ್ಟಿ ಮಾಡಿದೆನು.

ಓದುಗರು ನಾನು ಎಣಿಸಿರದ ಕಡೆಗಳಲ್ಲಿ ಸಿಕ್ಕಿದರು. ಕಲ್ಯಾಣದ ಉಡುಪಿ ಹೋಟೆಲೊಂದರಲ್ಲಿ ಕುಂದಾಪುರದ ಕಡೆಯ ಹುಡುಗರು ಕೆಲಸಕ್ಕಿದ್ದರು. ಅಲ್ಲಿನ ಯಜಮಾನರು ಅವರು ಮಲಗುವ ಕೋಣೆಯಲ್ಲಿ ಒಂದು ಹಲಗೆಯನ್ನು ಬಡಿಸಿದರು. ಕಾದಂಬರಿಗಳು ಅಲ್ಲಿಗೆ ಹೋದವು. ಕಾರಂತರ ‘ಚೋಮನ ದುಡಿ’ಯನ್ನು ಒಬ್ಬನು ಮುಗಿಸುವ ಮೊದಲೇ ಇನ್ನೊಬ್ಬನು ಕಾದಿರುತ್ತಾನಂತೆ. ನವಿ ಮುಂಬಯಿಯಲ್ಲಿ ಕಟ್ಟಡದ ಕೆಲಸಕ್ಕೆ ಯಾದಗಿರಿಯ ಕಡೆಯಿಂದ ಬಂದ ತಾಯಿಯೊಬ್ಬಳು ಏಳನೆಯ ಇಯತ್ತೆಯವರೆಗೆ ಓದಿದವಳು. “ಅಕ್ಷರ ಮರೆತೇ ಹೋಗತಾವ ಅಂತ ಅಂಜಿಕಿ ಇತ್ತರೀ” ಎಂದು ಹೇಳಿ ಮಕ್ಕಳ ಕಥೆಗಳನ್ನು ಆರಿಸಿಕೊಂಡಳು. ನಿಘಂಟು ಹತ್ತನೆಯ ತರಗತಿಯ ಬಾಲಿಕೆಗೆ ದೊರೆಯಿತು. ಎಲ್ಲವೂ ಮುಗಿಯಲು ಐದು ತಿಂಗಳು ಹಿಡಿಯಿತು. ಯಾರ ಪುಸ್ತಕ ಯಾರ ಕೈ ಸೇರಿತೆಂಬ ಪಟ್ಟಿಯನ್ನು ನೋಡಿ ವೃದ್ಧೆಯು, “ಅವರು ಇದ್ದಿದ್ದರೆ ಇವರೊಡನೆಲ್ಲ ಕುಳಿತು ಮಾತನಾಡುತ್ತಿದ್ದರು” ಎಂದರು.

ದೂರದವರಿಗೆ ಅಂಚೆಯುಂಟು. ಅಂಚೆ ಇಲಾಖೆಯು ೨೦೨೫ರ ಮೇ ೧ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆಯನ್ನು ಆರಂಭಿಸಿತು. ಪಠ್ಯಪುಸ್ತಕಗಳಿಗೂ ಸಾಂಸ್ಕೃತಿಕ ಗ್ರಂಥಗಳಿಗೂ ೩೦೦ ಗ್ರಾಮಿನವರೆಗೆ ೨೦ ರೂಪಾಯಿ, ೫ ಕಿಲೋಗ್ರಾಮಿನವರೆಗೆ ೧೦೦ ರೂಪಾಯಿ, ತೆರಿಗೆ ಬೇರೆ, ಎಂದು ಆರಂಭದಲ್ಲಿ ದರ ಗೊತ್ತುಪಡಿಸಿತು. ಆದರೆ ಕಳುಹಿಸುವ ಮೊದಲು “ನಿಮಗೆ ಇದು ಬೇಕೇ?” ಎಂದು ಕೇಳುವುದು ಮುಖ್ಯ. ಕೇಳದೆ ಬಂದ ಮೂಟೆಗಳಿಂದ ಎಷ್ಟೋ ಗ್ರಂಥಾಲಯಗಳ ಮೂಲೆಗಳು ತುಂಬಿವೆ.

ಕೊಡುವವರ ಕೈ ಒಂದಾದರೆ ಏನಾಗಬಲ್ಲುದೆಂಬುದಕ್ಕೆ ಮೈಸೂರಿನ ನಿದರ್ಶನವಿದೆ. ಅಲ್ಲಿ ದಿನಗೂಲಿಯಿಂದ ಬದುಕುವ ಸೈಯದ್ ಇಸಾಕ್ ಎಂಬವರು ನೆರೆಹೊರೆಯವರಿಗಾಗಿ ಗ್ರಂಥಾಲಯವೊಂದನ್ನು ನಡೆಸುತ್ತಿದ್ದರು. ತಮಗೆ ದೊರೆಯದ ವಿದ್ಯೆ ಇತರರಿಗಾದರೂ ದೊರೆಯಲಿ ಎಂಬುದು ಅವರ ಆಸೆ. ೨೦೨೧ರ ಏಪ್ರಿಲ್ ೯ರಂದು ಅದು ಬೆಂಕಿಗೆ ಆಹುತಿಯಾಗಿ ಸುಮಾರು ೧೧,೦೦೦ ಪುಸ್ತಕಗಳು ಬೂದಿಯಾದವು. ಸುದ್ದಿ ಹರಡಿದೊಡನೆ ನಾಡಿನ ನಾನಾ ಕಡೆಗಳಿಂದ ಜನರು ಹಣವನ್ನೂ ಪುಸ್ತಕಗಳನ್ನೂ ಕೊಡಲು ಮುಂದೆ ಬಂದರು. ಕಪಾಟಿನಲ್ಲಿ ಸುಮ್ಮನೆ ನಿಂತ ಒಂದು ಪುಸ್ತಕಕ್ಕೆ ಎಲ್ಲಿಂದ ಕರೆ ಬರುವುದೋ ಯಾರು ಬಲ್ಲರು?

ವಿದ್ಯಾರ್ಥಿಗಳೇ, ಈ ನಗರದಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವವರು ನೀವು ಕೆಲವರೇ. ಪುಸ್ತಕದ ಬೆನ್ನಿನ ಮೇಲಿನ ಹೆಸರನ್ನು ಓದಿ, ಇದು ಕಥೆ, ಇದು ನಿಘಂಟು, ಇದು ಚರಿತ್ರೆ ಎಂದು ಹೇಳಬಲ್ಲ ಕಣ್ಣು ನಿಮಗಿದೆ. ನಿಮ್ಮ ಕಟ್ಟಡದಲ್ಲಿ ಯಾರಾದರೂ ಮನೆ ಖಾಲಿ ಮಾಡುತ್ತಿದ್ದರೆ, ರದ್ದಿಯವನು ಬರುವ ಮೊದಲು ಒಂದು ಗಳಿಗೆ ಹೋಗಿ, “ಅಜ್ಜಿ, ಕನ್ನಡ ಪುಸ್ತಕಗಳಿದ್ದರೆ ನಾನು ನೋಡಬಹುದೇ?” ಎಂದು ವಿನಯದಿಂದ ಕೇಳಿರಿ. ಹತ್ತರಲ್ಲಿ ಎಂಟು ನಿಮಗೆ ಬೇಡವಾಗಬಹುದು. ಆ ಎಂಟನ್ನು ಬಯಸುವವರು ನಿಮ್ಮ ನೆರೆಯಲ್ಲಿಯೇ, ಹೋಟೆಲಿನ ಅಡಿಗೆಮನೆಯಲ್ಲಿಯೋ, ಲೋಕಲ್ ಗಾಡಿಯ ಎದುರಿನ ಆಸನದಲ್ಲಿಯೋ ಇದ್ದಾರು. ಅವರನ್ನು ಹುಡುಕಿ ಕೊಡಿರಿ. ಉಳಿದ ಎರಡನ್ನು ಮನೆಗೆ ತಂದು ಓದಿರಿ.