ಸಾಲು ಒಡದು ಕಾಲಂ ಮಾಡಿದ್ರ ಏನು ಕಾಣ್ತದ?

ರಂಗೋಲಿ ಚುಕ್ಕಿ ಎಲ್ಲಾ ಒಂದರ ಕೆಳಗೊಂದು ಒಂದ ಸಾಲಿನ್ಯಾಗ ಇಟ್ಕೋತ ಹೋದ್ರ ಅದರಾಗ ಕಮಲನೂ ಕಾಣೂದಿಲ್ಲ, ತೊಟ್ಟಿಲೂ ಕಾಣೂದಿಲ್ಲ. ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ ಕೂತ್ರನ ಚಿತ್ರ. ಮನಿ ಲೆಕ್ಕಾನೂ ಹಂಗ ನೋಡ್ರಿ. ಹಾಲಿಂದಿರಲಿ, ಭಿಶಿದಿರಲಿ, ಉದ್ದಕ್ಕ ಬರದ ಪಟ್ಟಿ ಜೋಪಾನ ಇಡ್ಲಿಕ್ಕೆ ಛೊಲೊ, ನೋಡಿ ತಿಳ್ಕೊಳ್ಳಿಕ್ಕೆ ಅಲ್ಲ.

ನಮ್ಮ ಅತ್ತಿಯವರಿಗೆ 76 ವರ್ಷ. ಧಾರವಾಡದಾಗ ಇರ್ತಾರ. ಸಕ್ರಿ ಬ್ಯಾನಿ ಅದ. ಮನ್ಯಾಗಿನ ಮಶಿನ್‌ಲೆ ದಿನಾ ಎರಡು ಸಲ ನೋಡ್ಕೋತಾರ. ಮುಂಜಾನೆ ಖಾಲಿ ಹೊಟ್ಟೀಲೆ ಒಮ್ಮೆ, ಊಟಾಗಿ ಎರಡು ತಾಸಿಗೆ, ಅಂದ್ರ ಮಧ್ಯಾಹ್ನ ಎರಡೂವರಿಗೆ, ಇನ್ನೊಮ್ಮೆ. ಫೋನಿನ ನೋಟ್ಸ್‌ನಾಗ ಬರದಿಡ್ತಾರ. ತಾರೀಖು ಒಂದು ಸಾಲು, ಮುಂಜಾನಿದು ಒಂದು ಸಾಲು, ಮಧ್ಯಾಹ್ನದ್ದು ಒಂದು ಸಾಲು. ನಾಲ್ಕು ತಿಂಗಳಿಗೆ 120 ದಿನ, 360 ಸಾಲು. ಡಾಕ್ಟರ ಮುಂದ ಕೂತು ಇದನ್ನ ಬೆರಳಿಲೆ ಸರಸ್ಕೋತ ತೋರಿಸಿದ್ರ ಯಾರಿಗೆ ಏನು ತಿಳೀಬೇಕು? ಕೈಲೆ ಮತ್ತೊಮ್ಮೆ ಬರೀಬೇಕಂದ್ರ ಅಂಕಿ ತಪ್ಪಲಿಕ್ಕೆ 360 ಜಾಗಾ.

ಅದಕ್ಕ ಆ ಪಟ್ಟಿನ ಕಂಪ್ಯೂಟರಿಗೆ ತರಿಸ್ಕೊಂಡು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಾಗ ತಗದೆ. ಇದು ಫುಕಟ ಸಿಗ್ತದ. ಇದರಾಗ ಮ್ಯಾಕ್ರೋ ಅಂತ ಒಂದು ಅನುಕೂಲ ಅದ. ಒಂದು ಹೋಳಿಗಿ ಲಟ್ಟಿಸಿ ತೋರಿಸಿದ್ರ ಉಳಿದದ್ದೆಲ್ಲಾ ಅದ ಲಟ್ಟಿಸ್ತದ, ಹಂಗ ತಿಳ್ಕೋರಿ.

ಮೊದಲ ಸಾಲಿನ ಮೊದಲಿಗೆ ಕರ್ಸರ್ ಇಟ್ಟು, ಮ್ಯಾಕ್ರೋ ಮೆನುದಾಗ ಸ್ಟಾರ್ಟ್ ರೆಕಾರ್ಡಿಂಗ್ ಒತ್ರಿ. ಈಗ ಎಂಡ್ ಒತ್ರಿ, ಕರ್ಸರ್ ಸಾಲಿನ ಕಡೀಕೆ ಹೋಗ್ತದ. ಡಿಲೀಟ್ ಒತ್ರಿ, ಕೆಳಗಿನ ಸಾಲು ಮ್ಯಾಲೆ ಬಂದು ಕೂಡ್ತದ. ಟ್ಯಾಬ್ ಒತ್ರಿ, ಎರಡರ ನಡುವ ಜಾಗಾ ಬೀಳ್ತದ. ಈ ಮೂರೂ ಇನ್ನೊಮ್ಮೆ. ಕಡೀಕೆ ಕೆಳಗಿನ ಬಾಣದ ಗುಂಡಿ, ಆಮ್ಯಾಲೆ ಹೋಮ್. ಸ್ಟಾಪ್ ರೆಕಾರ್ಡಿಂಗ್. ಒಂದು ದಿನದ ಲೆಕ್ಕ ಒಂದು ಸಾಲಿಗೆ ಬಂತು. ಇನ್ನ ಅದ ಮೆನುದಾಗ ರನ್ ಎ ಮ್ಯಾಕ್ರೋ ಮಲ್ಟಿಪಲ್ ಟೈಮ್ಸ್ ಅಂತದ, ಅಲ್ಲೆ 119 ಅಂತ ಬರದು ಬಿಡ್ರಿ. ಚಹಾಕ್ಕ ನೀರಿಡೂದ್ರಾಗ ಮುಗದಿರ್ತದ.

ಆದ್ರ ಶುರು ಮಾಡೂಕಿಂತ ಮೊದಲ ಎಲ್ಲಾ ದಿನಕ್ಕೂ ಮೂರು ಸಾಲು ಅವನ ನೋಡ್ರಿ. ಒಂದು ದಿನ ನೋಡ್ಕೊಂಡಿಲ್ಲಂದ್ರ ಆ ಜಾಗಾದಾಗ ಒಂದು ಗೀಟು ಹಾಕ್ರಿ. ಇಲ್ಲಂದ್ರ ಹೆಣಿಗಿಯೊಳಗ ಒಂದು ಕಣ್ಣು ಬಿಟ್ಟಂಗ, ಅಲ್ಲಿಂದ ಮುಂದ ಎಲ್ಲಾ ಸರೀತದ. ಭಿಶಿ ಪಟ್ಟಿ ಮಾಡೋರಿಗೆ ಇನ್ನೊಂದು ಮಾತು. ಹೆಸರು ಕನ್ನಡದಾಗ ಇದ್ರ ಸ್ಪೇಸ್ ಒತ್ತಿ ಒತ್ತಿ ಸಾಲು ಹೊಂದಸಲಿಕ್ಕೆ ಹೋಗಬ್ಯಾಡ್ರಿ. 'ರ' ಸಣ್ಣದು, 'ಸ್ತ್ರೀ' ಅಗಲ, ಎಂದೂ ಹೊಂದೂದಿಲ್ಲ. ಟ್ಯಾಬ್ ಇದ್ರ ಕಾಪಿ ಮಾಡಿ ಎಕ್ಸೆಲ್‌ನಾಗ ಹಾಕಿದಕೂಡ್ಲೆ ತಾವ ಬ್ಯಾರೆ ಬ್ಯಾರೆ ಮನ್ಯಾಗ ಕೂಡ್ತಾವ.

ನಮ್ಮ ಪಟ್ಟಿ ಕಾಲಮಿಗೆ ಬಂದಕೂಡ್ಲೆ ಮೂರನೇದ್ದು ಕಣ್ಣಿಗೆ ಹೊಡೀತು. ಎಲ್ಲಾ ಮೂರಂಕಿ, 170, 185, 178. ನಡುನಡುವ ಎರಡಂಕಿ. 64. ಹದಿನೈದು ದಿನ ಬಿಟ್ಟು 61. ಮತ್ತ ಹದಿನೈದು ದಿನಕ್ಕ 66. ನಾಲ್ಕು ತಿಂಗಳದಾಗ ಎಂಟು ಸಲ. ಅಡಗಿಮನಿ ಕ್ಯಾಲೆಂಡರಿಗೆ ತಾಳಿ ಹಚ್ಚಿ ನೋಡಿದ್ರ ಎಂಟೂ ಏಕಾದಶಿ.

ಅತ್ತಿಯವರದು ನೀರಷ್ಟ ಕುಡದು ಮಾಡೂ ಉಪವಾಸ. ಊಟ ಇರಲಿಲ್ಲಂದ್ರೂ ಎರಡೂವರಿಗೆ ರೂಢೀಲೆ ಮಶಿನ್ ಹಚ್ತಿದ್ರು, ಮುಂಜಾನೆ ಗುಳಿಗೀನೂ ರೂಢೀಲೆ ತಗೋತಿದ್ರು. ಅದು ಗ್ಲಿಮೆಪಿರೈಡ್. ಹೊಟ್ಯಾಗ ಅನ್ನ ಇರಲಿ ಬಿಡಲಿ, ಇನ್ಸುಲಿನ್ ಹೊರಗ ಹಾಕಸೂದ ಅದರ ಕೆಲಸ. ಸಕ್ರಿ 70ರ ಕೆಳಗ ಇಳೀತಂದ್ರ ಬೆವರು, ನಡುಕ, ತಲಿ ತಿರಗೂದು, ಒಮ್ಮೊಮ್ಮೆ ಎಚ್ಚರನೂ ತಪ್ತದ. "ಉಪವಾಸ ಅಂದಮ್ಯಾಲೆ ಅಷ್ಟು ಇರೂದ ಅಲ್ಲೇನವಾ" ಅಂತಿದ್ರು ಅವರು. ಮಧ್ಯಾಹ್ನದ ಹೊತ್ನ್ಯಾಗ ಮನ್ಯಾಗ ಒಬ್ರ.

ಡಾಕ್ಟರಿಗೆ ಎರಡು ಹಾಳಿ ಕೊಟ್ವಿ. ಎರಡು ನಿಮಿಷ ನೋಡಿ ಆ ಎಂಟು ಅಂಕಿಗೆ ಗೋಲ ಹಾಕಿದ್ರು, ಗುಳಿಗಿ ಬದಲಿಸಿದ್ರು, ಉಪವಾಸದ ದಿನ ಏನು ಮಾಡಬೇಕಂತ ಅತ್ತಿಯವರಿಗೇ ಕೂಡಿಸಿ ಹೇಳಿದ್ರು. ನಾವು ಯಾರೂ ಏಕಾದಶಿ ಬಿಡ್ರಿ ಅನ್ನಲಿಲ್ಲ. ಹಾಲು-ಹಣ್ಣು ತಗೋತೇನಿ ಅಂತ ಅವರ ಅಂದ್ರು, ತಮ್ಮ ಅಂಕಿ ತಾವ ನೋಡಿ.

ನಿಮ್ಮ ಮನ್ಯಾಗೂ ಉಪವಾಸ ಮಾಡೂ ಹಿರಿಯರು ಸಕ್ರಿ ಗುಳಿಗಿ ತಗೋತಿದ್ರ ಡಾಕ್ಟರನ್ನ ಕೇಳ್ರಿ, ಗುಳಿಗಿ ತಾವಾಗೇ ಬಿಡೂದು ಬ್ಯಾಡ. ಬರದಿಟ್ಟ ಪಟ್ಟಿ ಇದ್ರ ಕಾಲಂ ಮಾಡಿ ಒಯ್ರಿ. ಅತ್ತಿಯವರು ಈಗ ಅಂದಿನ ಊಟ ಏನಂತನೂ ಒಂದು ಸಾಲು ಬರೀತಾರ. ದಿನಕ್ಕ ನಾಲ್ಕು ಸಾಲಾದ್ವು, ಎಂಡ್, ಡಿಲೀಟ್, ಟ್ಯಾಬ್ ಈಗ ಮೂರು ಸಲ ಒತ್ತಬೇಕು.